ಆಧಾರ್ ತೋರಿಸಿದ್ರೆ ವೋಟು ಹಾಕಬಹುದಾ?

ಚುನಾವಣೆ ಬಂತೆಂದರೆ ವಾಟ್ಸಾಪ್‌ನಲ್ಲಿ ಈ ಸಂದೇಶ ಓಡಾಡುತ್ತದೆ: ‘ಪಟ್ಟಿಯಲ್ಲಿ ಹೆಸರಿಲ್ಲವೇ? ಆಧಾರ್ ತೋರಿಸಿ ಚಾಲೆಂಜ್ ವೋಟ್ ಕೇಳಿ. ನಿಮ್ಮ ವೋಟು ಬೇರೆಯವರು ಹಾಕಿದ್ದರೆ ಟೆಂಡರ್ ವೋಟ್ ಹಾಕಿ. ಅದು ಶೇ. 14 ದಾಟಿದರೆ ಮರುಮತದಾನ.’

ಇದನ್ನು ನಂಬಿ ಬಿಸಿಲಲ್ಲಿ ಸಾಲು ನಿಂತು, ಕೊನೆಗೆ ಸುಮ್ನೆ ವಾಪಸ್ ಬರುವವರನ್ನು ನೋಡಿದರೆ ಬೇಜಾರಾಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾವ ಕಾರ್ಡ್ ತೋರಿಸಿದರೂ ವೋಟಿಲ್ಲ. ಚಾಲೆಂಜ್ ಮಾಡುವುದು ಮತದಾರರಲ್ಲ, ಮತಗಟ್ಟೆಯಲ್ಲಿರುವ ಅಭ್ಯರ್ಥಿಯ ಏಜೆಂಟ್. ‘ವೋಟು ಹಾಕಲು ಬಂದಿರುವ ಈ ವ್ಯಕ್ತಿ ಪಟ್ಟಿಯಲ್ಲಿರುವ ಆ ಮತದಾರರಲ್ಲ’ ಎಂದು ಅನುಮಾನ ಬಂದರೆ ಆತ 2 ರೂಪಾಯಿ ಕಟ್ಟಿ ತಕರಾರು ಎತ್ತುತ್ತಾನೆ.

ಟೆಂಡರ್ ವೋಟ್ ಮಾತ್ರ ನಿಜ. ನಿಮ್ಮ ಹೆಸರಲ್ಲಿ ಯಾರೋ ಆಗಲೇ ಹಾಕಿ ಹೋಗಿದ್ದರೆ ಬಿಟ್ಟು ಬರಬೇಡಿ, ಅಧಿಕಾರಿಯನ್ನು ಕೇಳಿ. ನೀವೇ ಅಸಲಿ ಮತದಾರರು ಅಂತ ಖಾತ್ರಿಯಾದರೆ ಕಾಗದದ ಮತಪತ್ರ ಕೊಡುತ್ತಾರೆ. ಅದು ಯಂತ್ರಕ್ಕೆ ಹೋಗುವುದಿಲ್ಲ, ಬೇರೆ ಲಕೋಟೆಯಲ್ಲಿ ಇರುತ್ತದೆ. ಸಾಮಾನ್ಯವಾಗಿ ಎಣಿಸುವುದೂ ಇಲ್ಲ. ಫಲಿತಾಂಶದ ಬಗ್ಗೆ ಕೋರ್ಟಿನಲ್ಲಿ ಜಗಳ ಬಿದ್ದಾಗ ಅದಕ್ಕೆ ಬೆಲೆ. ಶೇ. 14ರ ನಿಯಮವೇ ಇಲ್ಲ.

ಹೆಸರು ಇದೆಯಾ ಅಂತ ಈಗಲೇ ನೋಡಿ, 1950ಕ್ಕೆ ಫೋನ್ ಮಾಡಿಯೂ ಕೇಳಬಹುದು. ಇಲ್ಲದಿದ್ದರೆ ನಮೂನೆ 6 ತುಂಬಿ. ನಾಮಪತ್ರ ಸಲ್ಲಿಸುವ ಕೊನೆ ದಿನ ಕಳೆದ ಮೇಲೆ ಆ ಚುನಾವಣೆಗೆ ಹೆಸರು ಸೇರಿಸಲು ಆಗುವುದಿಲ್ಲ.