ನಿಮ್ಮದೊಂದೇ ಬಾಕಿ

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ದೇಣಿಗೆಯ ಸುಗ್ಗಿ. ಫಾರಂ ತಾನಾಗಿ ಮೇಜಿಗೆ ಬಂದು ಕೂರುತ್ತದೆ. 'ಪ್ರತಿ ತಿಂಗಳು ಸಂಬಳದಲ್ಲಿ ಹಿಡಿದುಕೊಳ್ಳಲು ಒಪ್ಪಿಗೆ' ಅನ್ನುವಲ್ಲಿ ಮೊದಲೇ ಟಿಕ್ ಹಾಕಿರುತ್ತಾರೆ. ಸಹಿ ಮಾಡುವುದಷ್ಟೇ ನಮ್ಮ ಕೆಲಸ. ಗೋಡೆಯ ಮೇಲೊಂದು ಚಾರ್ಟ್, ಯಾವ ವಿಭಾಗದಲ್ಲಿ ಶೇಕಡಾ ಎಷ್ಟು ಜನ ಕೊಟ್ಟರು ಅಂತ.

ಹೋದ ವರ್ಷ ನಮ್ಮ ವಿಭಾಗದಲ್ಲಿ ಒಬ್ಬರು ಉಳಿದಿದ್ದರು. ನಾನೇ. ಮ್ಯಾನೇಜರ್ ಒಳ್ಳೆಯವರು, ಜೋರು ಮಾಡಲಿಲ್ಲ. ಪಕ್ಕದಲ್ಲಿ ನಿಂತು ನಗುತ್ತಾ, "ಬಲವಂತ ಏನಿಲ್ಲಪ್ಪ, ನಿಮ್ಮದೊಂದೇ ಬಾಕಿ ನೋಡಿ" ಅಂದರು. ಇನ್‌ಕ್ರಿಮೆಂಟ್ ಬರೆಯುವ ಕೈಯೇ ಫಾರಂ ಹಿಡಿದು ನಿಂತಮೇಲೆ ಬಲವಂತ ಬೇರೆ ಬೇಕಾ? ಸಹಿ ಹಾಕಿದೆ. ನೂರಕ್ಕೆ ನೂರು. ಚಪ್ಪಾಳೆ, ಫೋಟೋ. ಆಳೆತ್ತರದ ಚೆಕ್ಕಿನ ಮೇಲೆ ಕಂಪನಿಯ ಹೆಸರು ಮಾತ್ರ ಇತ್ತು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ದೇಣಿಗೆ ಎತ್ತುವ ದೊಡ್ಡ ಸಂಸ್ಥೆಗಳ ಮೇಲೆ ನನ್ನ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದ ಯುನೈಟೆಡ್ ವೇ ಅನ್ನುವ ಸೇವಾ ಸಂಸ್ಥೆ ಇಂಥ ಸಂಬಳ ಕಡಿತದ ದುಡ್ಡಿನ ಮೇಲೆಯೇ ಬೆಳೆದದ್ದು. ಅದರ ಮುಖ್ಯಸ್ಥ ವಿಲಿಯಂ ಅರಾಮನಿ, ದುಂದುವೆಚ್ಚದ ಸುದ್ದಿ ಹೊರಬಿದ್ದು 1992ರಲ್ಲಿ ಕುರ್ಚಿ ಬಿಟ್ಟರು. 1995ರಲ್ಲಿ ವಂಚನೆ ಸಾಬೀತಾಗಿ 7 ವರ್ಷ ಜೈಲು ಶಿಕ್ಷೆ ಆಯಿತು.

ಕಳ್ಳತನವೇ ಆಗಬೇಕು ಅಂತಲೂ ಇಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಸಂತ್ರಸ್ತರಿಗಾಗಿ ಅಂತ ಜನ ಅಮೆರಿಕನ್ ರೆಡ್ ಕ್ರಾಸ್‌ಗೆ ರಾಶಿ ರಾಶಿ ದುಡ್ಡು ಕೊಟ್ಟರು. ಅದರಲ್ಲಿ ದೊಡ್ಡ ಪಾಲನ್ನು ಮುಂದಿನ ಅಗತ್ಯಗಳಿಗೆ ಅಂತ ಎತ್ತಿಡಲು ಸಂಸ್ಥೆ ಹೊರಟಿತ್ತು. ಕೊಟ್ಟವರು ಸಿಟ್ಟಾದರು. ಆಮೇಲೆಯೇ ಎಲ್ಲವನ್ನೂ ಸಂತ್ರಸ್ತರಿಗೆ ಕೊಡುತ್ತೇವೆ ಅಂತ ಹೇಳಿದ್ದು. ಗಲಾಟೆ ಆಗದಿದ್ದರೆ?

ಖರ್ಚು ಇದ್ದೇ ಇರುತ್ತದೆ, ಒಪ್ಪುತ್ತೇನೆ. ಲೆಕ್ಕ ಬರೆಯುವವರಿಗೂ ಹೊಟ್ಟೆ ಇದೆ. ಆಡಳಿತದ ಖರ್ಚು ಕಡಿಮೆ ತೋರಿಸಿದವರೆಲ್ಲ ಸಾಚಾ ಅಂತಲೂ ಅಲ್ಲ. ನಾನು ಕೇಳಿದ್ದು ಇಷ್ಟೇ: ಹೋದ ವರ್ಷದ ನಮ್ಮ ದುಡ್ಡು ಏನಾಯಿತು? ಉತ್ತರವಾಗಿ ಹೊಳೆಯುವ ಕಾಗದದ ಪುಸ್ತಕ ಬಂತು. ನಗುವ ಮಗುವಿನ ಚಿತ್ರ ನಾಲ್ಕು ಕಡೆ ಇತ್ತು, ಒಂದೇ ಮಗು. ಲೆಕ್ಕ ಕೊನೆಯ ಪುಟದಲ್ಲಿ, ಒಂದು ದುಂಡನೆಯ ಚಿತ್ರ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ತುಂಡಿನ ಹೆಸರು 'ಕಾರ್ಯಕ್ರಮಗಳು'. ಯಾವ ಕಾರ್ಯಕ್ರಮ, ಎಲ್ಲಿ, ಯಾರಿಗೆ?

ಅದೇ ತಿಂಗಳು ನಮ್ಮ ವಾಚ್‌ಮನ್ ಹೆಂಡತಿ ಆಸ್ಪತ್ರೆ ಸೇರಿದರು. ಚಾರ್ಟ್ ಇರಲಿಲ್ಲ, ಫೋಟೋ ಇರಲಿಲ್ಲ. ಒಂದು ಹಳೆ ಕವರು ಮೇಜಿನಿಂದ ಮೇಜಿಗೆ ಹೋಯಿತು. ಯಾರು ಎಷ್ಟು ಹಾಕಿದರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಈ ವರ್ಷದ ಫಾರಂ ಬಂದಿದೆ. ಆ ಟಿಕ್ ಮೇಲೆ ಗೀಟು ಎಳೆದು ವಾಪಸ್ ಕೊಟ್ಟೆ. ಚಾರ್ಟ್‌ನಲ್ಲಿ ನಮ್ಮ ವಿಭಾಗ 97ಕ್ಕೆ ನಿಂತಿದೆ. ಮ್ಯಾನೇಜರ್ ಬೆಳಗ್ಗೆಯಿಂದ ಎರಡು ಸಲ ನನ್ನ ಮೇಜಿನ ಹತ್ತಿರ ಬಂದು, ಹವಾಮಾನದ ಬಗ್ಗೆ ಮಾತಾಡಿ ಹೋದರು.