ಸೇತುವೆಯಿಲ್ಲದಿದ್ದರೇನು, ರಸ್ತೆಯಿದೆಯಲ್ಲ

ಸದಸ್ಯರು ತಂತಮ್ಮ ಕ್ಷೇತ್ರದ ಕಾಮಗಾರಿಗೆ ಮಸೂದೆಯೊಳಗೇ ಹಣ ಬರೆಸಿಕೊಳ್ಳುವ ‘ಇಯರ್‌ಮಾರ್ಕ್’ ಪದ್ಧತಿಯನ್ನು 2011ರಲ್ಲಿ ಕೈಬಿಟ್ಟಿದ್ದ ಅಮೆರಿಕದ ಸಂಸತ್ತು, ಅಂದರೆ ಕಾಂಗ್ರೆಸ್, ಹತ್ತು ವರ್ಷಗಳ ಉಪವಾಸವನ್ನು 2021ರಲ್ಲಿ ಮುರಿದು ಮತ್ತೆ ಎಲೆಯ ಮುಂದೆ ಕುಳಿತಿತು. ಅಂದಿನಿಂದ ಆ ಪಂಕ್ತಿಯ ಸುದ್ದಿ ಬಂದಾಗಲೆಲ್ಲ ನನಗೆ ಅಲಾಸ್ಕದ ಸಂಸದರಾಗಿದ್ದ ಡಾನ್ ಯಂಗ್ ಅವರ ನೆನಪಾಗುತ್ತದೆ. ಈ ವಿದ್ಯೆಗೊಂದು ವಿಶ್ವವಿದ್ಯಾಲಯವಿದ್ದಿದ್ದರೆ ಅದರ ಕುಲಪತಿಗಳಾಗಲು ಅವರಿಗಿಂತ ಅರ್ಹರು ಯಾರಿದ್ದರು?

ಫೋರ್ಟ್ ಯುಕಾನ್ ಎಂಬ ಪುಟ್ಟ ಊರಿನ ಮೇಯರ್ ಆಗಿ, ಬಳಿಕ ಆರು ವರ್ಷ ಅಲಾಸ್ಕ ಶಾಸನಸಭೆಯ ಎರಡೂ ಸದನಗಳಲ್ಲಿ ಕುಳಿತೆದ್ದ ಯಂಗ್, 1972ರಲ್ಲಿ ಕಾಂಗ್ರೆಸ್ಸಿಗೆ ಸ್ಪರ್ಧಿಸಿ ಸೋತರು. ಗೆದ್ದ ನಿಕ್ ಬೆಗಿಚ್ ಮತದಾನಕ್ಕೆ ಮೂರು ವಾರ ಮೊದಲೇ ವಿಮಾನಸಮೇತ ಕಣ್ಮರೆಯಾಗಿದ್ದರು. ಗೆಲ್ಲುವುದಕ್ಕೆ ಅಸ್ತಿತ್ವ ಅನಿವಾರ್ಯವಲ್ಲ ಎಂಬ ಈ ಪಾಠವನ್ನು ಯಂಗ್ ಮರೆಯಲಿಲ್ಲವೆಂದು ಕಾಣುತ್ತದೆ. 1973ರ ಉಪಚುನಾವಣೆಯಲ್ಲಿ ಗೆದ್ದವರು 2022ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೆ, 49 ವರ್ಷ, ಆ ಕುರ್ಚಿ ಬಿಡಲಿಲ್ಲ.

2005ರಲ್ಲಿ ಸಾರಿಗೆ ಸಮಿತಿಯ ಅಧ್ಯಕ್ಷರಾಗಿ ಅವರು ಹೆದ್ದಾರಿಗಳ ಮಹಾ ಕಾಯಿದೆಯೊಂದನ್ನು ತಂದರು. ಅದರ ಹ್ರಸ್ವನಾಮದ ಕೊನೆಗೆ ಮಡದಿ ‘ಲೂ’ ಅವರ ಹೆಸರು ಬರುವಂತೆ ನೋಡಿಕೊಂಡರು. ದಾಂಪತ್ಯಪ್ರೇಮಕ್ಕೆ ಕೇಂದ್ರ ಸರ್ಕಾರದ ಅನುದಾನ ಒದಗಿದ್ದು ಅಪರೂಪವೇ ಸರಿ. ಅದೇ ಕಾಯಿದೆಯಲ್ಲಿ ಕೆಚಿಕನ್ ಪಟ್ಟಣದಿಂದ ಗ್ರವೀನಾ ದ್ವೀಪಕ್ಕೆ ಸೇತುವೆ ಕಟ್ಟಲು 22.3 ಕೋಟಿ ಡಾಲರ್ ಇತ್ತು. ದ್ವೀಪದಲ್ಲಿ ಒಂದು ವಿಮಾನ ನಿಲ್ದಾಣ ಮತ್ತು ಐವತ್ತರಷ್ಟು ಜನ. ಫೆರಿ ಹತ್ತಿದರೆ ಕೆಲವೇ ನಿಮಿಷಗಳ ಹಾದಿ. ದೇಶವೆಲ್ಲ ನಗಾಡಿದಾಗ ಕಾಂಗ್ರೆಸ್ ನಾಚಿಕೊಂಡು, ಸೇತುವೆಗೇ ಬಳಸಬೇಕೆಂಬ ಷರತ್ತನ್ನು ಮಾತ್ರ ತೆಗೆದು, ಹಣವನ್ನು ಅಲಾಸ್ಕದ ಕೈಯಲ್ಲೇ ಬಿಟ್ಟಿತು. 2007ರಲ್ಲಿ ರಾಜ್ಯಪಾಲೆ ಸಾರಾ ಪೇಲಿನ್ ಸೇತುವೆಯನ್ನು ಕೈಬಿಟ್ಟರು. ಆದರೆ ಸೇತುವೆಗೆ ಹೋಗಿ ಸೇರಬೇಕಿದ್ದ ರಸ್ತೆ ಬಿಡಲಿಲ್ಲ: ಎರಡೂವರೆ ಕೋಟಿ ಡಾಲರ್ ನುಂಗಿ ದ್ವೀಪದ ಮೇಲೆ ಮಲಗಿತು. ಬೆಗಿಚ್ ಇಲ್ಲದೆಯೇ ಗೆದ್ದಂತೆ, ಸೇತುವೆ ಇಲ್ಲದೆಯೇ ಅದರ ರಸ್ತೆ ಉದ್ಘಾಟನೆಗೆ ಸಿದ್ಧವಾಯಿತು.

ಇಷ್ಟಕ್ಕೆ ನಗಬಹುದು. ಫ್ಲಾರಿಡಾದ ‘ಕೋಕನಟ್ ರೋಡ್’ ವಿಷಯಕ್ಕೆ ಬಂದರೆ ನಗೆ ಬರುವುದಿಲ್ಲ. ತೆಂಗಿನ ಮರವೊಂದೂ ಬೆಳೆಯದ ರಾಜ್ಯದ ಪ್ರತಿನಿಧಿಗೆ ಆ ರಸ್ತೆಯ ಮೇಲೇಕೆ ಮಮತೆ ಹುಟ್ಟಿತೆಂದು ಕೇಳುವವರಿಗೆ, ಅಲ್ಲಿ ಜಮೀನಿದ್ದ ಬಿಲ್ಡರ್ ಒಬ್ಬರು ಯಂಗ್ ಅವರ ಚುನಾವಣೆಗೆ ದೇಣಿಗೆ ಕೂಡಿಸಿಕೊಟ್ಟಿದ್ದರೆಂದರೆ ಸಾಕು. 2005ರ ಅದೇ ಹೆದ್ದಾರಿ ಕಾಯಿದೆಗಾಗಿ ಎರಡೂ ಸದನಗಳು ಅಂಗೀಕರಿಸಿದ ಮಸೂದೆಯಲ್ಲಿ ಹೆದ್ದಾರಿ ಅಗಲಿಸಲು ಒಂದು ಕೋಟಿ ಡಾಲರ್ ಎಂದಿತ್ತು. ದೇಶದ ಅಧ್ಯಕ್ಷರ ಸಹಿಗೆ ಹೋಗುವ ಮುನ್ನ ಅದು ಕೋಕನಟ್ ರೋಡಿನ ಇಂಟರ್‌ಚೇಂಜ್ ಆಗಿ ಮಾರ್ಪಟ್ಟಿತು. ತಿದ್ದಿದ್ದು ತಮ್ಮ ಸಿಬ್ಬಂದಿಯೇ ಎಂದು ಯಂಗ್ ಅವರ ಕಚೇರಿ ಆಮೇಲೆ ಒಪ್ಪಿಕೊಂಡಿತು. ಆ ಕೌಂಟಿಯವರೇ ಈ ಹಣ ನಮಗೆ ಬೇಡವೆಂದರು. ಸದನ ಮತ ಹಾಕಿದ ಕಾಯಿದೆಯನ್ನು ಸದನದ ಬೆನ್ನ ಹಿಂದೆ ತಿದ್ದಬಹುದಾದರೆ ಸದನವೇಕೆ, ಮತವೇಕೆ, ಅಷ್ಟೊಂದು ಭಾಷಣಗಳೇಕೆ? 2008ರಲ್ಲಿ ಕಾಂಗ್ರೆಸ್ಸೇ ತನಿಖೆ ನಡೆಯಲೆಂದು ಬರೆದುಕೊಟ್ಟಿತು; ನ್ಯಾಯ ಇಲಾಖೆ ಯಂಗ್ ಅವರ ಮೇಲೆ ಯಾವ ಆರೋಪವನ್ನೂ ಹೊರಿಸಲಿಲ್ಲ.

2014ರಲ್ಲಿ ಚುನಾವಣಾ ನಿಧಿಯನ್ನು ಸ್ವಂತದ ಬೇಟೆ ಪ್ರವಾಸಗಳಿಗೆ ಬಳಸಿದ್ದಕ್ಕೆ ಸದನದ ನೀತಿ ಸಮಿತಿ ಅವರನ್ನು ಗದರಿಸಿ, 59,063 ಡಾಲರ್ ಹಿಂತಿರುಗಿಸಲು ಹೇಳಿತು. ಅದೇ ವರ್ಷ ನವೆಂಬರ್‌ನಲ್ಲಿ ಅಲಾಸ್ಕದ ಮತದಾರರು ಅವರನ್ನೇ ಮತ್ತೆ ಆರಿಸಿದರು, ಅನಂತರ ಇನ್ನೂ ಮೂರು ಸಲ.