ಏಳು ಡಾಲರ್ ಬೇಡವೆಂದ ರೆಜಿಮೆಂಟ್: ಪರ–ವಿರೋಧ

ಅಮೆರಿಕದ ಅಂತರ್ಯುದ್ಧದಲ್ಲಿ ಮಸಾಚುಸೆಟ್ಸ್‌ನ 54ನೇ ಸ್ವಯಂಸೇವಕ ಕಾಲಾಳು ರೆಜಿಮೆಂಟಿನ ಕಪ್ಪು ಸೈನಿಕರು ಸೇನೆಯ ಕಡಿಮೆ ಸಂಬಳವನ್ನು ಮಾತ್ರವಲ್ಲದೆ, ಆ ಕೊರತೆಯನ್ನು ತುಂಬಲು ರಾಜ್ಯ ಸರ್ಕಾರ ಕೊಡಬಂದ ಹಣವನ್ನೂ ನಿರಾಕರಿಸಿದ್ದು ಸರಿಯೇ?

ಪರ

1863ರ ಮೇ 28ರಂದು ಬಾಸ್ಟನ್ನಿನಿಂದ ಹಡಗು ಹತ್ತಿದ ಈ ಸೈನಿಕರಿಗೆ, ಬಿಳಿಯ ಸೈನಿಕರಂತೆಯೇ ತಿಂಗಳಿಗೆ 13 ಡಾಲರ್ ಸಿಗುತ್ತದೆಂದು ಸೇರುವಾಗ ಮಾತು ಕೊಡಲಾಗಿತ್ತು. ಬಟವಾಡೆಯ ದಿನ ಅವರ ಮುಂದಿಟ್ಟದ್ದು 10 ಡಾಲರ್. ಅದರಲ್ಲಿ ಬಟ್ಟೆಯ ಬಾಬ್ತು 3 ಮುರಿದರೆ ಕೈಗೆ ಬರುವುದು 7. ಕಪ್ಪು ಜನರನ್ನು ಮುಖ್ಯವಾಗಿ ಕಂದಕ ತೋಡುವ, ಶಿಬಿರದ ಚಾಕರಿ ಮಾಡುವ ಆಳುಗಳೆಂದು ಎಣಿಸಿ 1862ರ ಮಿಲಿಷಿಯಾ ಕಾಯ್ದೆ ಗೊತ್ತುಮಾಡಿದ ಕೂಲಿ ಅದು. ಸಾರ್ಜೆಂಟ್ ಆಗಿದ್ದವನಿಗೂ ಅಷ್ಟೇ.

ಆದ್ದರಿಂದ ಜಗಳವಿದ್ದದ್ದು ಆ ಆರು ಡಾಲರಿಗಾಗಿ ಅಲ್ಲ. ಕಾರ್ಪೊರಲ್ ಜೇಮ್ಸ್ ಹೆನ್ರಿ ಗುಡಿಂಗ್ 1863ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಕನ್‌ಗೇ ಪತ್ರ ಬರೆದು, ನಾವು ಸೈನಿಕರೋ ಕೂಲಿಗಳೋ ಎಂದು ಕೇಳಿದ. ಅದಕ್ಕೆ ಎರಡು ತಿಂಗಳ ಹಿಂದೆ, ಜುಲೈ 18ರ ಸಂಜೆ, ಇದೇ ರೆಜಿಮೆಂಟು ದಕ್ಷಿಣದವರ ಕೋಟೆಯಾದ ಫೋರ್ಟ್ ವ್ಯಾಗ್ನರ್‌ನ ಮರಳಿನ ಗೋಡೆಯನ್ನು ಏರಹೋಗಿ, ಸುಮಾರು 600 ಜನರಲ್ಲಿ 270ರಷ್ಟು ಮಂದಿ ಸತ್ತೋ ಗಾಯಗೊಂಡೋ ಸೆರೆಸಿಕ್ಕೋ ಕಾಣೆಯಾಗಿಯೋ ಹೋಗಿದ್ದರು. ರೆಜಿಮೆಂಟಿನ ಮುಖ್ಯಸ್ಥ ಕರ್ನಲ್ ರಾಬರ್ಟ್ ಗೌಲ್ಡ್ ಶಾ ಆ ಗೋಡೆಯ ಮೇಲೆಯೇ ಸತ್ತು ಬಿದ್ದಿದ್ದ.

ಗವರ್ನರ್ ಜಾನ್ ಆಂಡ್ರೂ ಒಳ್ಳೆಯ ಮನಸ್ಸಿನಿಂದಲೇ ವ್ಯತ್ಯಾಸದ ಹಣಕ್ಕೆ ಶಾಸನಸಭೆಯ ಒಪ್ಪಿಗೆ ಪಡೆದಿದ್ದ. ಅದನ್ನು ತೆಗೆದುಕೊಂಡಿದ್ದರೆ ಹೊಟ್ಟೆ ತುಂಬುತ್ತಿತ್ತು, ಆದರೆ ವಾಷಿಂಗ್ಟನ್ನಿನ ಲೆಕ್ಕದ ಪುಸ್ತಕದಲ್ಲಿ ಅವರು ಆಳುಗಳಾಗಿಯೇ ಉಳಿಯುತ್ತಿದ್ದರು, ಮತ್ತು ತಪ್ಪು ಮಾಡಿದವರಿಗೆ ಅದನ್ನು ತಿದ್ದುವ ಒತ್ತಡವೇ ಇರುತ್ತಿರಲಿಲ್ಲ. ಸಂಬಳ ಬೇಡವೆಂದವರು ಕೆಲಸ ಬೇಡವೆನ್ನಲಿಲ್ಲ ಎಂಬುದನ್ನೂ ಮರೆಯಬಾರದು: 1864ರ ಫೆಬ್ರವರಿಯಲ್ಲಿ ಫ್ಲಾರಿಡಾದ ಒಲಸ್ಟೀಯಲ್ಲಿ ಸೋತು ಹಿಂಜರಿಯುತ್ತಿದ್ದ ಸೇನೆಯ ಬೆನ್ನು ಕಾದವರಲ್ಲಿ ಬಿಡಿಗಾಸೂ ಮುಟ್ಟದ ಇವರಿದ್ದರು.

ವಿರೋಧ

ಮೇಲಿನ ವಾದದಲ್ಲಿ ಹೆಂಡತಿ ಮಕ್ಕಳ ಮಾತೇ ಇಲ್ಲ. ಹದಿನೆಂಟು ತಿಂಗಳ ಸಂಬಳವನ್ನು ತಿರಸ್ಕರಿಸುವ ತೀರ್ಮಾನ ಶಿಬಿರದಲ್ಲಿ ಆಯಿತು, ಅದರ ಬೆಲೆ ತೆತ್ತದ್ದು ಮನೆ. ಏಳು ಡಾಲರನ್ನು ಮರ್ಯಾದೆಗಾಗಿ ಬಿಟ್ಟದ್ದನ್ನು ಒಪ್ಪಬಹುದು. ರಾಜ್ಯದ ಹಣ ಅಂಥದ್ದಲ್ಲ. ತಾವು ಯಾವ ರಾಜ್ಯದ ಹೆಸರಿನಲ್ಲಿ ಹೋರಾಡುತ್ತಿದ್ದರೋ ಆ ರಾಜ್ಯವೇ, ಕೊಟ್ಟ ಮಾತನ್ನು ಉಳಿಸಿಕೊಳ್ಳಲು ತಂದ ಹಣ ಅದು. ಅದನ್ನು ಪಡೆದೂ ಕೇಂದ್ರದ ಮೇಲಿನ ತಕರಾರನ್ನು ಮುಂದುವರಿಸಲು ಅಡ್ಡಿಯಿರಲಿಲ್ಲ. (ಇಂಥ ನಿರಾಕರಣೆಯಿಂದ ಶಿಸ್ತು ಕೆಡುತ್ತದೆಂಬ ವಾದ ಮಾತ್ರ ನನಗೆ ಗಟ್ಟಿಯಾಗಿ ಕಾಣುವುದಿಲ್ಲ, ಒಲಸ್ಟೀ ಅದಕ್ಕೆ ಉತ್ತರ.)

ಈ ದಾರಿ ಎಲ್ಲರಿಗೂ ತೆರೆದಿರಲಿಲ್ಲ ಎಂಬುದು ಇನ್ನೂ ಗಂಭೀರ. ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದವರ 3ನೇ ಸೌತ್ ಕ್ಯಾರೊಲಿನಾ ರೆಜಿಮೆಂಟಿನಲ್ಲಿ ಸಾರ್ಜೆಂಟ್ ವಿಲಿಯಂ ವಾಕರ್ ಇದೇ ಸಂಬಳದ ಅನ್ಯಾಯಕ್ಕಾಗಿ ತನ್ನ ಜನರಿಂದ ಬಂದೂಕು ಕೆಳಗಿಡಿಸಿದ. ದಂಗೆಯ ಆರೋಪ ಹೊರಿಸಿ 1864ರ ಫೆಬ್ರವರಿ 29ರಂದು ಅವನನ್ನು ಗುಂಡಿಟ್ಟು ಕೊಂದರು. ಬಂದೂಕು ಕೆಳಗಿಡುವುದೂ ಸಂಬಳ ಮುಟ್ಟದಿರುವುದೂ ಒಂದೇ ಅಲ್ಲ, ನಿಜ. ಆದರೆ 54ನೆಯದರ ಬೆನ್ನಿಗಿದ್ದ ಗವರ್ನರ್, ಪತ್ರಿಕೆಗಳು, ಬಾಸ್ಟನ್ನಿನ ದೊಡ್ಡ ಮನೆತನಗಳು ವಾಕರನಿಗೆ ಇರಲಿಲ್ಲ.

ಗೆಲುವಾದರೂ ಪೂರ್ಣವೇ? 1864ರ ಜೂನ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಪ್ಪಿದ ಕಾನೂನು, ಸೇರಿದ ದಿನದಿಂದ ಪೂರ್ತಿ ಬಾಕಿಯನ್ನು 1861ರ ಏಪ್ರಿಲ್ 19ಕ್ಕೆ ಸ್ವತಂತ್ರರಾಗಿದ್ದವರಿಗೆ ಮಾತ್ರ ಕೊಟ್ಟಿತು. 54ನೆಯದರಲ್ಲೂ ಆ ದಿನ ಗುಲಾಮರಾಗಿದ್ದವರಿದ್ದುದರಿಂದ, ಶಾನ ನಂತರ ರೆಜಿಮೆಂಟನ್ನು ನಡೆಸಿದ ಕರ್ನಲ್ ಎಡ್ವರ್ಡ್ ಹ್ಯಾಲೊವೆಲ್, ತಮ್ಮನ್ನು ಬಿಟ್ಟಿ ದುಡಿಸುವ ಹಕ್ಕು ಅಂದು ಯಾರಿಗೂ ಇರಲಿಲ್ಲವೆಂದು ಎಲ್ಲರಿಂದಲೂ ಪ್ರಮಾಣ ಮಾಡಿಸಿದ. ಜಾಣತನವೇ, ಆದರೆ ವಾಕರನದರಂತೆ ಗುಲಾಮಗಿರಿಯಿಂದ ಬಂದವರ ದಕ್ಷಿಣದ ರೆಜಿಮೆಂಟುಗಳು 1865ರ ಮಾರ್ಚ್‌ವರೆಗೆ ಕಾಯಬೇಕಾಯಿತು.

54ನೆಯದರ ಬಾಕಿ ಕೈಸೇರತೊಡಗಿದ್ದು 1864ರ ಸೆಪ್ಟೆಂಬರ್ ಕೊನೆಯಲ್ಲಿ. ಲಿಂಕನ್‌ಗೆ ಪತ್ರ ಬರೆದ ಗುಡಿಂಗ್ ಒಲಸ್ಟೀಯಲ್ಲಿ ಸೆರೆಸಿಕ್ಕಿ, ಆ ಜುಲೈನಲ್ಲೇ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ತೀರಿಕೊಂಡಿದ್ದ.